ಅಕ್ಕ ಸಾಕಿದ್ದು ನಾಯಿಯೋ ತೋಳವೋ

ಶಹಾಪುರದ ಶಾಲೆಯಲ್ಲಿ ವಿಜ್ಞಾನ ಕಲಿಸಲು ಸೇರಿದ ಮೊದಲ ವರ್ಷಗಳಲ್ಲಿ ನನಗೆ ಬಂದಷ್ಟು ದಣಿವು ಆಮೇಲೆ ಮುಪ್ಪಿನಲ್ಲೂ ಬಂದಿಲ್ಲ. ಮೈ ದಣಿಯುವ ಕೆಲಸವೇನೂ ಅದಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನಿಗೆ ನೆರಳಲ್ಲಿ ನಿಂತು ಮಾತಾಡುವುದನ್ನು ಕೆಲಸ ಅನ್ನಲು ನಾಚಿಕೆಯಾಗಬೇಕು. ಆದರೆ ಆಗ ಎಲ್ಲದರ ಹೆಸರೂ ಬದಲಾಗುತ್ತಿತ್ತು. ನಿಜಾಮರ ಆಳ್ವಿಕೆ ಮುಗಿದು, ಪೊಲೀಸ್ ಆ್ಯಕ್ಷನ್ ಆಗಿ, ಕಚೇರಿ ಕಚೇರಿಗಳ ಬೋರ್ಡುಗಳಿಗೆ ಸುಣ್ಣ ಬಳಿದು ಕನ್ನಡ ಬರೆಸಿದ್ದರು. ಸುಣ್ಣ ತೆಳುವಾಗಿತ್ತು, ಉರ್ದು ಅಕ್ಷರ ಅಡಿಯಿಂದ ಇಣುಕುತ್ತಲೇ ಇತ್ತು. ಮುಂದೆ ನಾವು ಯಾವ ರಾಜ್ಯಕ್ಕೆ ಸೇರುತ್ತೇವೆ ಎಂಬುದೂ ಗೊತ್ತಿರಲಿಲ್ಲ. ಯಾದಗಿರಿ ಸ್ಟೇಷನ್ನಿನ ಚಹಾದಂಗಡಿಯಲ್ಲಿ ಒಬ್ಬ ಹೈದರಾಬಾದು ಅಂದರೆ ಇನ್ನೊಬ್ಬ ಮೈಸೂರು ಅನ್ನುತ್ತಿದ್ದ, ಮೂರನೆಯವ ಗಾಡಿ ಬಂತು ಏಳ್ರಿ ಅನ್ನುತ್ತಿದ್ದ.

ನಾನು ಓದಿದ್ದೆಲ್ಲ ಉರ್ದುವಿನಲ್ಲಿ. ಕನ್ನಡ ನನಗೆ ಶಾಲೆಯಿಂದ ಬಂದದ್ದಲ್ಲ, ಹಟ್ಟಿಯಿಂದ ಬಂದದ್ದು. ನಾಲ್ಕಾರು ಮನೆಯವರು ತಮ್ಮ ಕುರಿಗಳನ್ನು ಕೂಡಿಸಿ, ಒಟ್ಟಿಗೆ ಮೇಯಿಸಿ, ರಾತ್ರಿ ಒಟ್ಟಿಗೆ ಹೊಲದಲ್ಲಿ ಬಲೆ ಸುತ್ತಿ ಕೂಡಿಹಾಕುತ್ತಾರಲ್ಲ, ಅದಕ್ಕೆ ನಾವು ಹಟ್ಟಿ ಅನ್ನುತ್ತೇವೆ. ನಮ್ಮ ಹಟ್ಟಿ ಮಳೆಗಾಲವನ್ನು ಬಳಿಚಕ್ರದ ಕಲ್ಲುಮಡ್ಡಿಯಲ್ಲಿ ಕಳೆದು, ಜೋಳ ಕೊಯ್ದ ಮೇಲೆ ಭೀಮೆಯನ್ನು ದಾಟಿ ಶಹಾಪುರದ ಗುಡ್ಡದ ಸೆರಗಿಗೆ ಬರುತ್ತಿತ್ತು. ಅಲ್ಲಿ ಅಜ್ಜಿ, ದೊಡ್ಡಪ್ಪ, ಅವರ ಓರಗೆಯ ಮುದುಕರು ಆಡಿದ್ದೇ ನನ್ನ ಕನ್ನಡ. ಕುರಿಯ ಮೈಬಣ್ಣಕ್ಕೆ ಎಷ್ಟು ಬಗೆಯ ಮಾತಿದೆ ಎಂದು ಕೇಳಿದ್ದರೆ ಸಂಜೆಯವರೆಗೂ ಹೇಳುತ್ತಿದ್ದೆ. ಬೆನ್ನೆಲುಬಿರುವ ಪ್ರಾಣಿಗಳ ವರ್ಗೀಕರಣವನ್ನು ಕನ್ನಡದಲ್ಲಿ ಹೇಳು ಅಂದರೆ ಬಾಯಿ ಕಟ್ಟುತ್ತಿತ್ತು. ಮತ್ತೆ, ಅದನ್ನೇ ಹೇಳಲಿಕ್ಕೆ ನನಗೆ ಪಗಾರ ಕೊಡುತ್ತಿದ್ದರು.

ಹೈದರಾಬಾದಿನಿಂದ ತಂದ ನನ್ನ ಪುಸ್ತಕದಲ್ಲಿ ಜೀವಿಗಳನ್ನೆಲ್ಲ ಒಂದು ದೊಡ್ಡ ವಾಡೆಯೊಳಗೆ ಇಟ್ಟ ಹಾಗೆ ಇಟ್ಟಿದ್ದರು. ಹೊರಬಾಗಿಲಲ್ಲೇ ಗಿಡ ಒಂದು ಕಡೆ, ಪ್ರಾಣಿ ಒಂದು ಕಡೆ. ಪ್ರಾಣಿಗಳ ಅಂಗಳಕ್ಕೆ ಬಂದರೆ ಬೆನ್ನೆಲುಬು ಇದ್ದವು, ಇಲ್ಲದವು. ಒಳಗೆ ಹೋದರೆ ಮೊಲೆಯೂಡಿಸುವವು, ಅವುಗಳಲ್ಲಿ ಮಾಂಸ ತಿನ್ನುವವು. ಇನ್ನೂ ಒಳಗೆ ಖಾಂದಾನ್, ಅಂದರೆ ಕುಟುಂಬ, ಅದರೊಳಗೆ ಜಿನ್ಸ್, ಇಂಗ್ಲಿಷಿನವರ ಜೀನಸ್, ಕಟ್ಟಕಡೆಯ ಖೋಲಿಯಲ್ಲಿ ನೌ, ಅವರ ಸ್ಪೀಷೀಸ್. ಆ ಖೋಲಿಯಲ್ಲಿ ನಿಂತ ಪ್ರಾಣಿಗೆ ಲ್ಯಾಟಿನ್ನಿನಲ್ಲಿ ಎರಡು ಶಬ್ದದ ಹೆಸರು. ಮೊದಲನೆಯದು ಜಿನ್ಸಿನದು, ನಮ್ಮ ಅಡ್ಡಹೆಸರಿನ ಹಾಗೆ, ಎರಡನೆಯದು ಅದರದೇ. ಓದುವಾಗ ನನಗೆ ಇದರಲ್ಲಿ ಒಂದು ಸಮಾಧಾನ ಕಂಡಿತ್ತು. ಜಗತ್ತಿನಲ್ಲಿ ಯಾವುದೂ ಅಂಗಳದಲ್ಲಿ ನಿಂತಿಲ್ಲ, ಎಲ್ಲದಕ್ಕೂ ಒಂದು ಖೋಲಿ ಇದೆ ಅಂತ.

ಕಲಿಸಲು ನಿಂತಾಗ ಆ ಸಮಾಧಾನ ಹೋಯಿತು. ನೌ ಎಂಬುದಕ್ಕೆ ಮೈಸೂರು ಕಡೆಯ ಒಂದು ಪುಸ್ತಕದಲ್ಲಿ ‘ಜಾತಿ’ ಎಂದು ಬರೆದಿದ್ದರು. ನಾನೂ ಅದನ್ನೇ ಬೋರ್ಡಿನ ಮೇಲೆ ಬರೆದು, ಒಂದೇ ಜಾತಿಯವು ಕೂಡಿದರೆ ಮರಿಯಾಗುತ್ತದೆ, ಆ ಮರಿಗೂ ಮರಿಯಾಗುತ್ತದೆ, ಅದೇ ಅದರ ಗುರುತು ಎಂದೆ. ಊರ ಹೊರಗಿನ ಕೇರಿಯಿಂದ ಬರುತ್ತಿದ್ದ ಒಬ್ಬ ಹುಡುಗ ಎದ್ದು ನಿಂತು, ಹಂಗಾದ್ರ ಮನಷ್ಯಾರದು ಒಂದೇ ಜಾತಿ ಆತಲ್ರಿ ಸರ ಎಂದ. ಹೌದು ಎಂದೆ. ಆ ಹೌದು ಸಂಜೆಯೊಳಗೆ ಊರಿನ ಎಲ್ಲ ಓಣಿಗಳಿಗೂ ಹೋಯಿತು. ಮರುದಿನ ಹೆಡ್ ಮಾಸ್ತರರು ಕರೆದು ಕೂರಿಸಿ, ನೀವು ಹೇಳಿದ್ದು ಖರೆ, ಅದಕ್ಕೇ ಬೇರೆ ಶಬ್ದ ಹುಡುಕಿರಿ, ನನ್ನ ನಿವೃತ್ತಿ ಹತ್ತಿರ ಬಂದಿದೆ ಎಂದರು. ಅವರೂ ದಣಿದಿದ್ದರು. ಉರ್ದುವಿನಲ್ಲಿ ಬರೆದು ರೂಢಿಯಾದ ಅವರ ಕೈ ಕನ್ನಡದಲ್ಲಿ ಸಹಿ ಹಾಕುವಾಗಲೆಲ್ಲ ಬಲದಿಂದಲೇ ಶುರುಮಾಡುತ್ತಿತ್ತು.

ಶಬ್ದ ಹುಡುಕುತ್ತ ನಾನು ಭಾನುವಾರ ಭಾನುವಾರ ಹಟ್ಟಿಗೆ ಹೋಗತೊಡಗಿದೆ. ಅಲ್ಲಿ ಅಕ್ಕ ಇದ್ದಳು.

ಅಕ್ಕ ನನಗಿಂತ ಬಹಳ ದೊಡ್ಡವಳು. ನಮ್ಮವ್ವ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಸುರಪುರದ ಕಡೆ ಮದುವೆಯಾಗಿ ಹೋಗಿದ್ದಳು. ಮಕ್ಕಳಾಗಲಿಲ್ಲವೆಂದು ಆ ಮನೆಯವರು ಇನ್ನೊಬ್ಬಳನ್ನು ತಂದಾಗ, ತವರಿನವರು ಕೊಟ್ಟಿದ್ದ ಕುರಿಗಳನ್ನು ಹೊಡೆದುಕೊಂಡು ತಿರುಗಿ ಬಂದಳು. ಬಂದವಳಿಗೆ ಜಾಗ ಕೊಟ್ಟವನು ದೊಡ್ಡಪ್ಪ, ನಮ್ಮ ಅಪ್ಪನ ಅಣ್ಣ, ಹಟ್ಟಿಗೆ ಅವನೇ ಹಿರಿಯ. ಜಗಳ ಬಂದಾಗ, ಕೊಟ್ಟ ಹೆಣ್ಣು ಕೊಟ್ಟಲ್ಲಿ ಇರಬೇಕಿತ್ತು ಎಂದು ಅಂದು ತೋರಿಸುವವನೂ ಅವನೇ. ಆಗ ಅಕ್ಕ ಎದ್ದು ಹಿಂಡಿನ ಕಡೆ ಹೋಗುತ್ತಿದ್ದಳು. ಕುರಿಯ ಕಾಲಿನ ಮುಳ್ಳು ತೆಗೆಯುತ್ತ ಕೂತುಬಿಡುತ್ತಿದ್ದಳು.

ಒಂದು ಸಲ ಗುಡ್ಡದ ಬಂಡೆಸಂದಿಯಲ್ಲಿ ಅವಳಿಗೆ ಕಣ್ಣು ಬಿಡದ ಮರಿಯೊಂದು ಸಿಕ್ಕಿತು. ತಾಯಿ ಕಾಣಲಿಲ್ಲ, ಒಡಹುಟ್ಟಿದವು ಸತ್ತು ಇರುವೆ ಹತ್ತಿದ್ದವು. ಅಕ್ಕ ಅದನ್ನು ಉಡಿಯಲ್ಲಿ ಹಾಕಿಕೊಂಡು ಬಂದು ಆಡಿನ ಮೊಲೆಗೆ ಹಚ್ಚಿದಳು. ಕಂಬಳಿಯೊಳಗೆ ಮಲಗಿಸಿಕೊಂಡಳು. ಹೆಸರಿಡಲಿಲ್ಲ, ‘ಕೂಸು’ ಎಂದು ಕರೆಯುತ್ತಿದ್ದಳು. ಬೆಳೆದಂತೆ ಅದರ ಮೈ ಬೂದು ಬಣ್ಣಕ್ಕೆ ತಿರುಗಿತು, ಕಾಲು ಉದ್ದವಾದವು, ಬಾಲ ಯಾವಾಗಲೂ ಕೆಳಗೇ. ಬೊಗಳುತ್ತಿರಲಿಲ್ಲ. ಅದನ್ನು ನೋಡಿದವರಿಗೆ ಒಂದು ಅನುಮಾನ ಬರುತ್ತಿತ್ತು. ಆದರೆ ಕುರಿಗಳ ನಡುವೆ ಮಲಗುತ್ತಿತ್ತು, ತಪ್ಪಿಸಿಕೊಂಡ ಕುರಿಯನ್ನು ಅಡ್ಡಗಟ್ಟಿ ತರುತ್ತಿತ್ತು, ಅಕ್ಕನ ದನಿ ಕೇಳಿದರೆ ನೆಲಕ್ಕೆ ಹೊಟ್ಟೆ ಹಚ್ಚಿ ತೆವಳುತ್ತ ಬರುತ್ತಿತ್ತು. ಆಗ ಆ ಅನುಮಾನ ಹೋಗುತ್ತಿತ್ತು.

ಹಟ್ಟಿಯಲ್ಲಿ ತೋಳ ಎಂಬ ಮಾತನ್ನು ಯಾರೂ ಆಡುವುದಿಲ್ಲ, ಆಡಿದರೆ ಬರುತ್ತದೆ ಅಂತ. ಅದಕ್ಕೆ ‘ಅಡವಿದು’ ಎನ್ನುತ್ತಾರೆ. ನಾಯಿಗೆ ‘ಮನಿದು’. ಇವೆರಡಕ್ಕೂ ಬೇರೆ ಬೇರೆ ಕಟ್ಟಳೆ. ಅಡವಿದು ಒಂದು ಮರಿ ಒಯ್ದರೆ ಅದು ನಮ್ಮ ದೇವರು ಬೀರಪ್ಪನಿಗೆ ಸಂದ ಪಾಲು. ಅಟ್ಟಬಹುದು, ಕೂಗಬಹುದು, ಅದರ ಜೀವ ತೆಗೆಯುವ ಹಾಗಿಲ್ಲ. ಮನಿದು ಅದೇ ಮರಿಯನ್ನು ತಿಂದರೆ ಕಳವು. ಕಾವಲಿಗಿಟ್ಟದ್ದೇ ಕದ್ದರೆ ಅದನ್ನು ಹಟ್ಟಿಯಲ್ಲಿ ಉಳಿಸುವುದಿಲ್ಲ, ಅದೇ ದಿನ ಕೊಡಲಿ ಎತ್ತುತ್ತಾರೆ. ಇದನ್ನು ಹೇಳಿದರೆ ಶಾಲೆಯಲ್ಲಿ ನನ್ನ ಜೊತೆಯವರು ನಗುತ್ತಿದ್ದರು. ಊರಿನವರು ತೋಳ ಕಂಡರೆ ಕೊಲ್ಲುತ್ತಾರೆ, ನಾಯಿಗೆ ರೊಟ್ಟಿ ಹಾಕುತ್ತಾರೆ. ನಮ್ಮದು ಹಾಗಲ್ಲ.

ಯುಗಾದಿ ಸಮೀಪ ಬಂದಿತ್ತು. ಒಂದು ಬೆಳಗ್ಗೆ ಹಟ್ಟಿಯ ಅಂಚಿನಲ್ಲಿ ಅರ್ಧ ತಿಂದ ಕುರಿಮರಿ ಬಿದ್ದಿತ್ತು. ಪಕ್ಕದಲ್ಲಿ ಕೂಸು ಕೂತಿತ್ತು, ಮೂತಿಗೆ ರಕ್ತ ಹತ್ತಿತ್ತು. ಅದೇ ಕೊಂದಿತೋ, ಬೇರೆ ಯಾವುದೋ ಕೊಂದದ್ದನ್ನು ನೆಕ್ಕಿತೋ ಕಂಡವರಿಲ್ಲ. ಇಂದಿಗೂ ಗೊತ್ತಿಲ್ಲ. ಮರಿ ಹಟ್ಟಿಯ ಇನ್ನೊಂದು ಮನೆಯವರದು. ಆ ಮನೆಯವ ಕೊಡಲಿ ತಂದು ನಿಂತ. ಅಕ್ಕ ಅಡ್ಡ ನಿಂತು, ಇದು ಮನಿದಲ್ಲ, ಅಡವಿದು, ಬಂಡೆಸಂದಿಯಿಂದ ನಾನೇ ತಂದದ್ದು ನಿಮಗೆಲ್ಲ ಗೊತ್ತು, ಇದರ ಮೇಲೆ ಕೊಡಲಿ ಎತ್ತುವಂತಿಲ್ಲ ಎಂದಳು. ಅಡವಿದಾದರೆ ಹಟ್ಟಿಯಲ್ಲಿ ಯಾಕೆ ಮಲಗುತ್ತದೆ ಎಂದು ಅವನು ಕೇಳಿದ. ಇಬ್ಬರ ಮಾತೂ ಸರಿಯಿತ್ತು. ಅದಕ್ಕೇ ದೊಡ್ಡಪ್ಪ ಆ ದಿನ ಫೈಸಲಾ ಕೊಡಲಿಲ್ಲ.

ಸಂತೆಯ ದಿನ ದೊಡ್ಡಪ್ಪ ಶಾಲೆಗೆ ಬಂದ. ಗಂಟೆ ಹೊಡೆಯುವವರೆಗೆ ಬೇವಿನ ಗಿಡದ ಕೆಳಗೆ ಕೂತಿದ್ದು, ನಾನು ಹೊರಗೆ ಬಂದಾಗ ಎದ್ದೂ ಏಳದೆ ಹೇಳಿದ.

“ಏನೋ ಮಾಸ್ತರ, ದಿನಾ ನಿಂತು ಇದು ಇಂಥಾದ್ದು, ಅದು ಅಂಥಾದ್ದು ಅಂತ ಹುಡುಗರಿಗಿ ಹೇಳ್ತಿ ಅಂತಲ್ಲ. ನಮ್ಮ ಹಟ್ಟ್ಯಾಗ ಒಂದು ಅದ. ಬಂದು ಯಾವುದು ಅಂತ ಹೇಳು.”

ನಾನು ಪುಸ್ತಕ ಕಟ್ಟಿಕೊಂಡು ಹೋದೆ. ಹಟ್ಟಿಯವರೆಲ್ಲ ಸುತ್ತ ಕೂತಿದ್ದರು. ಕೂಸನ್ನು ಜಾಲಿ ಗಿಡಕ್ಕೆ ಕಟ್ಟಿದ್ದರು. ಅದಕ್ಕೆ ಹಗ್ಗ ಹೊಸದು, ಕಚ್ಚಿ ನೋಡುತ್ತಿತ್ತು. ನೀರು ಕೊಡುವ ನೆವದಲ್ಲಿ ಅಕ್ಕ ನನ್ನ ಹತ್ತಿರ ಬಂದು ತಂಬಿಗೆ ಕೊಡುತ್ತ ಸಣ್ಣ ದನಿಯಲ್ಲಿ ಹೇಳಿದಳು.

“ಅಡವಿದು ಅಂತ ಹೇಳಿಬಿಡು ತಮ್ಮಾ. ಎಲ್ಲಿ ಬಿಡು ಅಂತಾರ ಅಲ್ಲಿ ಬಿಟ್ಟು ಬರ್ತೀನಿ. ನನಗ ಬ್ಯಾಡ ಅದು, ಜೀವ ಇದ್ರ ಸಾಕು.”

ಅಡವಿದು ಎಂದೆ. ಪುಸ್ತಕದ ಚಿತ್ರ ತೋರಿಸಿದೆ. ಕಾಲಿನ ಉದ್ದ, ಇಳಿದ ಬಾಲ, ಕಿರಿದಾದ ಎದೆ, ಹಳದಿ ಕಣ್ಣು, ಒಂದೊಂದಾಗಿ ಹೇಳಿದೆ. ಮರಿ ಕಳಕೊಂಡವನು ಚಿತ್ರ ನೋಡಿ, ಇದು ನಮ್ಮ ಬಳಿಚಕ್ರದ ಕರಿ ನಾಯಿಯ ಹಂಗೂ ಅದ, ನಮ್ಮ ಮಾವನ ಹಂಗೂ ಅದ ಎಂದ. ಎಲ್ಲರೂ ನಕ್ಕರು, ಅಕ್ಕ ಬಿಟ್ಟು. ದೊಡ್ಡಪ್ಪ ನಗು ಮುಗಿಯುವ ತನಕ ಕಾದು ನನ್ನನ್ನು ಕೇಳಿದ.

“ಇದು ನೀ ಹೇಳ್ತಿಯೋ, ಬುಕ್ಕ ಹೇಳ್ತದೋ?”

ಅವನ ಮುಖಕ್ಕೆ ಸುಳ್ಳು ಹೇಳಿ ನನಗೆ ರೂಢಿಯಿರಲಿಲ್ಲ. ಪುಸ್ತಕ ಇಷ್ಟು ಹತ್ತಿರದ ಮಾತು ಹೇಳುವುದಿಲ್ಲ ಎಂದೆ. ಅದರ ಲೆಕ್ಕದಲ್ಲಿ ಇವೆರಡೂ ಒಂದೇ ಕುಟುಂಬ, ಒಂದೇ ಜಿನ್ಸು. ಹಲ್ಲು ಒಂದೇ ಸಾಲು, ಬೆರಳು ಅಷ್ಟೇ. ತಲೆಬುರುಡೆ ಕೈಯಲ್ಲಿ ಹಿಡಿದು ಅಳೆದರೆ ಬಲ್ಲವರು ಹೇಳಬಹುದೇನೋ. ಎರಡೂ ಕೂಡಿದರೆ ಮರಿಯಾಗುತ್ತದೆ, ಆ ಮರಿಗೂ ಮರಿಯಾಗುತ್ತದೆ. ಕೂಸಿನ ತಾಯಿ ಅಡವಿಯದಾಗಿ ತಂದೆ ನಮ್ಮದೇ ನಾಯಿಯಾಗಿದ್ದರೂ ಆಶ್ಚರ್ಯವಿಲ್ಲ ಎಂದೆ. ಬುರುಡೆ ಎಂದ ಕೂಡಲೆ ಅಕ್ಕ ನನ್ನ ಕಡೆ ನೋಡಿದ ನೋಟ ಇತ್ತಲ್ಲ, ಅದಕ್ಕೆ ಆ ವಾಡೆಯ ಯಾವ ಖೋಲಿಯಲ್ಲೂ ಜಾಗವಿರಲಿಲ್ಲ.

ಹಾಗಾದರೆ ಎರಡಕ್ಕೂ ಬೇರೆ ಹೆಸರು ಯಾಕೆ ಇಟ್ಟಿದ್ದಾರೆ ಎಂದು ದೊಡ್ಡಪ್ಪ ಕೇಳಿದ. ನಾನು ಓದಿ ಹೇಳಿದೆ. ತೋಳಕ್ಕೆ ಕ್ಯಾನಿಸ್ ಲೂಪಸ್, ನಾಯಿಗೆ ಕ್ಯಾನಿಸ್ ಫೆಮಿಲಿಯಾರಿಸ್. ಹಾಗಂದರೇನು ಎಂದ. ಮೊದಲಿನ ಶಬ್ದ ಎರಡಕ್ಕೂ ಒಂದೇ, ನಾಯಿ ಎಂದು ಅರ್ಥ. ಲೂಪಸ್ ಅಂದರೆ ಅದೇ, ಅಡವಿದು. ಫೆಮಿಲಿಯಾರಿಸ್ ಅಂದರೆ ಮನೆಗೆ ಸೇರಿದ್ದು ಎಂದೆ. ದೊಡ್ಡಪ್ಪ ಎಲೆಯಡಿಕೆಯ ಚೀಲ ಬಿಚ್ಚಿದ, ಸುಣ್ಣ ಹಚ್ಚಿದ, ಮಡಚಿದ, ಬಾಯಿಗಿಟ್ಟ.

“ನಿಮ್ಮವರೂ ಕಡೀಕ ಅದನ್ನೇ ನೋಡ್ಯಾರ. ಮನಿಗಿ ಸೇರ್ತದೋ ಇಲ್ಲೋ ಅಂತ. ಹಲ್ಲು ಅಲ್ಲ” ಎಂದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಫೈಸಲಾ ಹೇಳಿದ. “ದೂರ ಒಯ್ದು ಬಿಟ್ಟು ಬರ್ಲಿ. ಅಮಾಸಿಯೊಳಗ ತಾನಾಗಿ ಹಟ್ಟಿಗಿ ತಿರುಗಿ ಬಂತು, ಮನಿದು. ಬರಲಿಲ್ಲ, ಅಡವಿದು. ಬಂದ್ರ ಏನು ಮಾಡಬೇಕು ಎಲ್ಲಾರಿಗೂ ಗೊತ್ತದ.”

ಯಾರೂ ಎದುರು ಹೇಳಲಿಲ್ಲ. ಕೊಡಲಿ ತಂದವನೂ ಒಪ್ಪಿದ. ಅಕ್ಕನೂ ಗೋಣು ಹಾಕಿದಳು. ಹೀಗೆ ಅದರ ಜೀವ ಅದು ಅವಳನ್ನು ಎಷ್ಟು ಮರೆಯುತ್ತದೆ ಎಂಬುದರ ಮೇಲೆ ನಿಂತಿತು. ಪ್ರೀತಿಯಿಂದ ತಿರುಗಿ ಬಂದರೆ ಕೊಡಲಿ.

ಸುರಪುರದ ಆಚೆಗಿನ ಗುಡ್ಡಕ್ಕೆ ಒಯ್ಯುವುದು ಎಂದಾಯಿತು. ಆ ಸೀಮೆ ಅಕ್ಕನಿಗೆ ಗೊತ್ತು, ಅಲ್ಲೇ ಬಾಳಿದ್ದಳಲ್ಲ. ನಾನು ಎರಡು ದಿನ ರಜೆ ಹಾಕಿ ಜೊತೆಗೆ ಹೊರಟೆ. ನಸುಕಿನಲ್ಲಿ ಶಹಾಪುರ ಬಿಟ್ಟೆವು. ಬಿಸಿಲು ಏರಿದಂತೆ ಕರಿ ನೆಲದಿಂದ ಝಳ ಎದ್ದು ದಾರಿ ನೀರಿನ ಹಾಗೆ ಅಲುಗತೊಡಗಿತು. ಈಗ ಆ ಬಯಲಿಗೆಲ್ಲ ನಾರಾಯಣಪುರದ ಕಾಲುವೆ ನೀರು ಬಂದು ಭತ್ತದ ಹಸಿರು ನಿಂತಿದೆ. ಆಗ ಹತ್ತಿಕಟ್ಟಿಗೆಯ ಕೂಳೆ ಬಿಟ್ಟರೆ ಏನೂ ಇರಲಿಲ್ಲ. ಕೂಸಿಗೆ ಹಗ್ಗ ಬೇಕಾಗಲಿಲ್ಲ. ಅಕ್ಕನ ಸೀರೆಯ ನೆರಳಿನಲ್ಲೇ ನಡೆಯುತ್ತಿತ್ತು.

ನಡುದಾರಿಯಲ್ಲಿ ಒಂದು ಬಸ್ಸು ನಿಂತಿತು. ಹೊಸದಾಗಿ ಬಿಟ್ಟ ಬಸ್ಸು, ಅದರ ಮೈಮೇಲಿನ ಹೆಸರೂ ಹಸಿ ಬಣ್ಣದ್ದು. ಕಂಡಕ್ಟರ್ ಇಳಿದು, ಬರ್ರಿ ಅಕ್ಕಾರ, ಬಿಸಿಲಾಗ ಯಾಕ ಸಾಯ್ತೀರಿ ಎಂದ. ಆಮೇಲೆ ಕೂಸನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

“ಇದು ನಾಯಿ ಆದ್ರ ಟಾಪಿನ ಮ್ಯಾಲ ಹಾಕ್ರಿ. ಅದೇನಾದ್ರೂ ಆದ್ರ ನೀವು ಕೂಡ್ರಿ, ನಾನೇ ಇಳೀತೀನಿ.”

ಬಸ್ಸಿನವರೆಲ್ಲ ಕಿಟಕಿಯಿಂದ ಇಣುಕಿ ನಕ್ಕರು. ಬೇರೆ ದಿನವಾಗಿದ್ದರೆ ನನಗೂ ನಗು ಬರುತ್ತಿತ್ತು. ಅಕ್ಕ, ನೀ ಹೋಗಪ್ಪ, ನಮಗೂ ಗೊತ್ತಾಗವಲ್ದು ಎಂದು ಹೇಳಿ ನಡೆದುಬಿಟ್ಟಳು.

ಸುರಪುರದ ಸೀಮೆಯ ಹೊಲಗಳು ಕಾಣಲು ಸುರುವಾದಾಗ ಅಕ್ಕ, ಗಂಡನ ಮನೆಗೆ ಮೊದಲ ಸಲ ನಡೆದು ಹೋದದ್ದು ಇದೇ ದಾರಿ ಎಂದಳು. ತಿರುಗಿ ಬಂದದ್ದೂ ಇದೇ. ಹೋಗುವಾಗ ಎಲ್ಲರೂ ಅಲ್ಲಿಯವಳಾಗು ಎಂದು ಹರಸಿದರಂತೆ, ಬಂದಾಗ ಇಲ್ಲಿಯವಳೇನು ಎಂದು ಕೇಳಿದರಂತೆ. ಸಿಟ್ಟಿನಿಂದ ಹೇಳಲಿಲ್ಲ. ಬಾಯಾರಿಕೆ ಆಗ್ಯದ ಎನ್ನುವ ದನಿಯಲ್ಲೇ ಹೇಳಿದಳು. ಅವಳ ತಲೆಯ ಮೇಲಿನ ಗಂಟನ್ನು ಇಸಿದುಕೊಂಡು ನಾನು ಹೊತ್ತೆ.

ಸುರಪುರ ದಾಟಿ ಗುಡ್ಡದ ಬುಡಕ್ಕೆ ಬಂದಾಗ ಹೊತ್ತು ಇಳಿಯತೊಡಗಿತ್ತು. ಬಂಡೆಗಳ ನಡುವೆ ಒಂದು ಹೊಂಡದಲ್ಲಿ ಇನ್ನೂ ನೀರಿತ್ತು. ಅಕ್ಕ ಗಂಟು ಬಿಚ್ಚಿ ರೊಟ್ಟಿ ಮುರಿದು ಹಾಕಿದಳು. ಕೂಸು ತಿಂದು, ನೀರು ಕುಡಿದು, ಬಂಡೆಗಳನ್ನು ಮೂಸಿ ನೋಡಿತು. ಮೇಲಿನಿಂದ ಏನೋ ವಾಸನೆ ಬಂದಿರಬೇಕು, ಕಿವಿ ನಿಮಿರಿದವು, ಮೈಯ ಕೂದಲು ಎದ್ದಿತು. ಹೋಗು ಎಂದಳು ಅಕ್ಕ. ಅದು ಒಂದಿಷ್ಟು ದೂರ ಹತ್ತಿ ತಿರುಗಿ ನೋಡಿತು. ಅಕ್ಕ ಒಂದು ಕಲ್ಲು ತೆಗೆದು ಒಗೆದಳು, ಅದಕ್ಕೆ ತಾಕದ ಹಾಗೆ. ಇನ್ನೊಂದು ಒಗೆದಳು. ಅದು ಗುಡ್ಡ ಹತ್ತಿ ಬಂಡೆಗಳ ಆಚೆ ಹೋಯಿತು. ಅವಳ ಜೀವದಿಂದ ಒಂದು ಭಾರ ಇಳಿದದ್ದು ನನಗೆ ಕಂಡಿತು. ಬದುಕ್ತದ ಎಂದಳು. ನಾವು ತಿರುಗಿ ರಸ್ತೆಗೆ ಬಂದೆವು.

ರಸ್ತೆಗೆ ಬಂದು ಸ್ವಲ್ಪ ದೂರ ನಡೆದಿದ್ದೆವು. ಎದುರಿಗೆ ಯಾರದೋ ಕುರಿಹಿಂಡು ಬರುತ್ತಿತ್ತು. ಮುಳುಗುವ ಬಿಸಿಲಿನಲ್ಲಿ ಧೂಳು ಕೆಂಪಾಗಿತ್ತು. ಕಾಯುವವನು ಬಹಳ ಹಿಂದೆ, ಕುಂಟುವ ಕುರಿಯೊಂದನ್ನು ಹೆಗಲಿಗೇರಿಸಿಕೊಂಡು ಬರುತ್ತಿದ್ದ. ಮುಂದಿನ ಕುರಿಗಳು ದಾರಿ ಬಿಟ್ಟು ಯಾರದೋ ಹೊಲದ ಬೇಲಿಗೆ ಬಾಯಿ ಹಾಕಿ ಚದುರತೊಡಗಿದವು. ಅಕ್ಕ ನಡೆಯುತ್ತಿದ್ದವಳು ನಡೆಯುತ್ತಲೇ ಬಾಯಿಗೆ ಕೈ ಹಚ್ಚಿ ಕೂಗಿದಳು. ಸಂಜೆಯ ಕೂಗು. ಚದುರಿದ್ದನ್ನೆಲ್ಲ ಕೂಡಿಸಿ ಹಟ್ಟಿಗೆ ಕರೆಯುವ, ಗಂಟಲ ತಳದಿಂದ ಎದ್ದು ಮೇಲೆ ಹೋಗಿ ಅಲ್ಲೇ ನಡುಗುತ್ತ ನಿಲ್ಲುವ ಉದ್ದನೆಯ ಕೂಗು. ನಮ್ಮಲ್ಲಿ ಮಾತು ಬರುವ ಮೊದಲು ಮಕ್ಕಳಿಗೆ ಆ ಕೂಗು ಬರುತ್ತದೆ. ಹೊತ್ತು ಮುಳುಗುವಾಗ ಕುರಿ ಚದುರಿದ್ದು ಕಂಡರೆ ಕೂಗದೆ ಇರುವುದು ಬಿಕ್ಕಳಿಕೆ ತಡೆಯುವಷ್ಟೇ ಕಷ್ಟ. ನನ್ನ ಗಂಟಲಲ್ಲೂ ಅದು ಅರ್ಧ ಬಂದಿತ್ತು.

ಯಾರದೋ ಕುರಿಗಳು ತಲೆ ಎತ್ತಿ ದಾರಿಗೆ ಬಂದವು. ಅಕ್ಕನ ಕೈ ಬಾಯಿಯ ಹತ್ತಿರವೇ ನಿಂತಿತ್ತು. ಆ ಕೂಗು ಕೂಸಿಗೂ ಕೇಳಿರುತ್ತದೆ ಎಂದು ಅವಳಿಗೆ ಆಗ ಹೊಳೆಯಿತು.

ನಾವಿಬ್ಬರೂ ಗುಡ್ಡದ ಕಡೆ ನೋಡುತ್ತ ನಿಂತೆವು. ಬಹಳ ಹೊತ್ತಾಗಲಿಲ್ಲ. ಬಂಡೆಗಳ ಮೇಲಿನಿಂದ ಬೂದು ಗೆರೆಯೊಂದು ಇಳಿಯುವುದು ಕಂಡಿತು. ಅದು ಹೊಲಕ್ಕೆ ಅಡ್ಡ ಬಿದ್ದು, ಹಿಂಡನ್ನು ಬಳಸಿ, ಒಂದು ಕುರಿಯನ್ನೂ ಮುಟ್ಟದೆ ಬಂದು ಅಕ್ಕನ ಕಾಲ ಬಳಿ ಹೊಟ್ಟೆ ಹಚ್ಚಿ ಬಿತ್ತು. ನಾಲಿಗೆ ಚಾಚಿತ್ತು, ಪಕ್ಕೆ ಏರಿಳಿಯುತ್ತಿದ್ದವು. ಅಕ್ಕ ರಸ್ತೆಯ ಬದಿಯಲ್ಲೇ ಕುಸಿದು ಕೂತಳು.

“ಬಾಯಿ ನನ್ನ ಮಾತ ಕೇಳಲಿಲ್ಲೋ ತಮ್ಮಾ” ಎಂದಳು.

ಇನ್ನೊಮ್ಮೆ ಬಿಟ್ಟು ಬರೋಣ, ಯಾರೂ ನೋಡಿಲ್ಲ ಎಂದೆ. ಅವಳು ಕೇಳಿಸಿಕೊಂಡಳು, ಒಪ್ಪಲಿಲ್ಲ. ಇವತ್ತು ದನಿ ಹಿಡಿದು ಬಂತು, ನಾಳೆ ವಾಸನೆ ಹಿಡಿದು ಬರುತ್ತದೆ. ಎಷ್ಟು ದೂರ ಬಿಟ್ಟರೂ ನಾನಿರುವಲ್ಲಿಗೆ ಬರುತ್ತದೆ. ನಾನಿರುವುದು ಹಟ್ಟ್ಯಾಗ ಎಂದಳು. ಕೂಸಿನ ಕಿವಿಯ ಹಿಂದಿನ ಉಣ್ಣೆಹುಳಗಳನ್ನು ಒಂದೊಂದಾಗಿ ಕೀಳತೊಡಗಿದಳು. ಕುರಿಹಿಂಡು ನಮ್ಮನ್ನು ದಾಟಿ ಹೋಯಿತು. ಕಾಯುವವನು, ನಾಯಿ ಚಲೋ ಸಾಕೀರಿ ಎಂದು ಹೇಳಿ ಹೋದ.

“ಹಟ್ಟಿಗಿ ಬಂದ್ರ ಮನಿದು ಅಂದಾನಲ್ಲ ದೊಡ್ಡಪ್ಪ” ಎಂದಳು ಕಡೆಗೆ. “ನಾ ಹಟ್ಟಿಗಿ ಹೋಗಲಿಲ್ಲಂದ್ರ ಅದೂ ಹೋಗೂದಿಲ್ಲ.”

ಆ ರಾತ್ರಿ ಸುರಪುರದಲ್ಲಿ ಒಂದು ಗುಡಿಯ ಕಟ್ಟೆಯ ಮೇಲೆ ಮಲಗಿದೆವು. ಮರುದಿನ ಅವಳು ಹಟ್ಟಿಯ ದಾರಿ ಹಿಡಿಯದೆ ಶಹಾಪುರದ ನನ್ನ ಬಾಡಿಗೆಯ ಖೋಲಿಗೆ ಬಂದಳು. ಹಿಂದೆ ಕೂಸು.

ಅಮಾವಾಸ್ಯೆ ಬಂತು, ಹೋಯಿತು. ಹಟ್ಟಿಗೆ ಅದು ಬರಲಿಲ್ಲ. ಅದು ಎಲ್ಲಿದೆ, ಅಕ್ಕ ಎಲ್ಲಿದ್ದಾಳೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ದೊಡ್ಡಪ್ಪ ಆಡಿದ ಮಾತು ಆಡಿದಂತೆ ನಿಂತಿತು. ಅಡವಿದು ಎಂದು ಫೈಸಲಾ ಆಯಿತು, ಕೊಡಲಿ ಒಳಗೆ ಹೋಯಿತು. ಅದರ ಜೊತೆಗೆ ಇನ್ನೊಂದೂ ಆಯಿತು. ಹಟ್ಟಿಯಲ್ಲಿ ಇಲ್ಲದವರಿಗೆ ಹಟ್ಟಿಯಲ್ಲಿ ಕುರಿ ಇಲ್ಲ, ಇದೂ ಹಳೆಯ ಕಟ್ಟಳೆಯೇ. ಮಳೆಗಾಲಕ್ಕೆ ಅವರು ಬಳಿಚಕ್ರದ ಕಡೆ ತಿರುಗುವ ಮೊದಲು ಅಕ್ಕನ ಕುರಿಗಳ ಕಿವಿಗೆ ಬೇರೆ ಮನೆಗಳ ಗುರುತು ಬಿದ್ದವು. ಈ ಸುದ್ದಿ ತಂದವನು ನಾನು. ಅವಳು ಕೇಳಿ, ಆ ಬಿಳಿತಲೆಯದು ಯಾರ ಪಾಲಿಗೆ ಹೋಯಿತು ಎಂದು ಒಂದು ಮಾತು ಕೇಳಿದಳು.

ನಾನು ಶಾಲೆಯಲ್ಲಿ ಅದೇ ಪಾಠ ಮುಂದುವರಿಸಿದೆ. ಬೆನ್ನೆಲುಬು ಇದ್ದವು, ಇಲ್ಲದವು. ಮೊಲೆಯೂಡಿಸುವವು, ಮೊಟ್ಟೆಯಿಡುವವು. ಬೋರ್ಡಿನ ಮೇಲೆ ಗೆರೆ ಎಳೆದು ಕವಲು ಒಡೆಸುವಾಗ ಕೈ ಸೋಲುತ್ತಿತ್ತು. ಆ ಪುಸ್ತಕ ಸುಳ್ಳು ಎಂದು ನನಗೆ ಆಗಲೂ ಅನಿಸಿಲ್ಲ, ಈಗಲೂ ಅನಿಸುವುದಿಲ್ಲ. ಯಾವುದಕ್ಕೆ ಯಾವುದು ಹತ್ತಿರ ಎಂದು ಅದು ಹೇಳುತ್ತದೆ. ಯಾವುದು ಎಲ್ಲಿ ಇರಬೇಕು ಎಂದು ಹೇಳುವುದಿಲ್ಲ. ನಾವು ಅದನ್ನು ಕೇಳಿದ್ದು ಎರಡನೆಯದನ್ನು. ದೊಡ್ಡಪ್ಪನೂ ಕೆಟ್ಟವನಲ್ಲ. ಹಟ್ಟಿಯಲ್ಲಿ ಒಬ್ಬರ ಕುರಿಯ ಮೇಲೆ ಇನ್ನೊಬ್ಬರಿಗೆ ನಂಬಿಕೆ ಇರಬೇಕಾದರೆ ಗಡಿ ಬೇಕು, ಗಡಿ ಕಾಯುವವನು ಬೇಕು. ಅಷ್ಟೆಲ್ಲ ತಿಳಿದೂ ದಣಿವು ಹೋಗುತ್ತಿರಲಿಲ್ಲ. ಮನೆಗೆ ಬಂದರೆ ಅಕ್ಕ ಗೋಡೆಗೆ ಒರಗಿ ಉಣ್ಣೆ ನೂಲುತ್ತಿರುತ್ತಿದ್ದಳು, ಸಂತೆಯಲ್ಲಿ ಕೊಂಡ ಉಣ್ಣೆ. ಕೈ ಆಡುತ್ತಿತ್ತು, ಕಣ್ಣು ಆಡುತ್ತಿರಲಿಲ್ಲ. ಓಣಿಯವರು ಕೂಸನ್ನು ಮಾಸ್ತರರ ನಾಯಿ ಎನ್ನುತ್ತಿದ್ದರು, ಹಗಲು ಯಾವಾಗಲೂ ಕಟ್ಟಿರುತ್ತಾರೆ ಪಾಪ ಎನ್ನುತ್ತಿದ್ದರು.

ಮುಂದಿನ ಸುಗ್ಗಿಗೆ ಹಟ್ಟಿ ಮತ್ತೆ ಶಹಾಪುರದ ಗುಡ್ಡಕ್ಕೆ ಬಂತು. ಒಂದು ಸಂತೆಯ ದಿನ ದೊಡ್ಡಪ್ಪ ನಮ್ಮ ಬಾಗಿಲಿಗೆ ಬಂದು ಕೆಮ್ಮಿದ. ಅಕ್ಕ ಚಾಪೆ ಹಾಸಿದಳು, ಚಹಾ ಮಾಡಿ ಕೊಟ್ಟಳು. ಅವನು ಖೋಲಿಯನ್ನು ನಾಲ್ಕೂ ಕಡೆ ನೋಡಿ, ಗಾಳಿ ಕಡಿಮೆ ಎಂದ. ಕೂಸು ಅವನ ಕೈ ಮೂಸಿ, ಅವನ ಕಂಬಳಿಯ ತುಂಬ ಇದ್ದ ಕುರಿಯ ವಾಸನೆಗೆ ಮುಖ ಹುಗಿದು ನಿಂತುಬಿಟ್ಟಿತು. ಅವನು ಅದನ್ನು ದೂಡಲಿಲ್ಲ. ಅಕ್ಕ ಕೇಳಿದಳು.

“ಈಗರ ಹೇಳು ದೊಡ್ಡಪ್ಪ. ಇದು ಯಾವುದು?”

ಅವನು ಚಹಾದ ಬಟ್ಟಲು ಕೆಳಗಿಟ್ಟು ಕೂಸಿನ ತಲೆಯ ಮೇಲೆ ಕೈಯಿಟ್ಟ.

“ಕುರಿ ಇದ್ದಲ್ಲಿ ಮನಿದೊಂದು, ಅಡವಿದೊಂದು. ಕುರಿನೇ ಇಲ್ಲದ ಕಡಿ ನಾ ಏನಂತ ಹೇಳ್ಲೆವ್ವ” ಎಂದ. ಆಮೇಲೆ, ನೀನರ ಹಟ್ಟಿಗಿ ಬಂದುಬಿಡು ಎಂದ.

ಇದನ್ನ ಎಲ್ಲಿ ಬಿಡ್ಲಿ ಎಂದಳು ಅಕ್ಕ. ಅವನು ಕೂಸಿನ ತಲೆಯಿಂದ ಕೈ ತೆಗೆದ. ಹೊತ್ತು ಇಳಿಯುತ್ತಿತ್ತು, ಹಟ್ಟಿ ಮುಟ್ಟಬೇಕೆಂದು ಅವನು ಎದ್ದ. ಅವನು ಓಣಿಯ ತಿರುವು ದಾಟುವವರೆಗೆ ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಊರ ಹೊರಗೆ ಧೂಳು ಎದ್ದಿತ್ತು, ಕುರಿಗಳು ಇಳಿಯುತ್ತಿದ್ದವು, ಯಾರೋ ಕೂಗು ಸುರುಮಾಡಿದರು. ಅಕ್ಕ ಒಳಗೆ ಬಂದು ಬಾಗಿಲು ಮುಚ್ಚಿ ಅಗಳಿ ಹಾಕಿದಳು. ಬಾಗಿಲಿಗೆ ಬೆನ್ನು ಕೊಟ್ಟು ಕೂತು, ನಿಮಿರಿ ನಿಂತಿದ್ದ ಕೂಸನ್ನು ಮಡಿಲಿಗೆ ಎಳೆದುಕೊಂಡು, ಕೂಗು ನಿಲ್ಲುವವರೆಗೆ ಅದರ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಿದ್ದಳು.